ಬಿದ್ದ ಮೇಲೆ ನರ್ಸ್, ಬೀಳುವ ಮೊದಲು ಮೇಸ್ತ್ರಿ

ಕಾಸರಗೋಡು: ಎಣ್ಮಕಜೆ, ಪೈವಳಿಕೆ, ಬೆಳ್ಳೂರು ಕಡೆಯ ಹಳೆಯ ಮನೆಗಳನ್ನು ಹಿರಿಯರು ಮಳೆಗೆ ಹೆದರಿ ಕಟ್ಟಿದರು. ವರ್ಷಕ್ಕೆ 3,000 ಮಿ.ಮೀ. ಮೀರಿ ಮಳೆ ಸುರಿಯುವ ಊರು. ನೀರು ಒಳಗೆ ಬರಬಾರದೆಂದು ಜಗಲಿ ಎತ್ತರ, ಹೊಸ್ತಿಲು ಎತ್ತರ. ಬಚ್ಚಲು, ಪಾಯಿಖಾನೆ ಅಂಗಳದಾಚೆ. ಮನೆ ತುಂಬಾ ಜನ ಇದ್ದ ಕಾಲಕ್ಕೆ ಅದು ಸರಿಯಾಗಿಯೇ ಇತ್ತು. ಈಗ ಅಂಥ ಎಷ್ಟೋ ಮನೆಗಳಲ್ಲಿ 80-85 ದಾಟಿದ ಅಜ್ಜಿಯೋ ಅಜ್ಜನೋ ಒಬ್ಬರೇ ಇದ್ದಾರೆ.

ಮಕ್ಕಳು ಮಂಗಳೂರು, ಬೆಂಗಳೂರು, ಗಲ್ಫ್ ಎಂದು ಹೋಗಿದ್ದಾರೆ. ಅವರು ಕರೆಯುವುದಿಲ್ಲವೆಂದಲ್ಲ. "ನಾನಿಲ್ಲೇ ಇರ್ತೇನೆ, ದೇವರಿಗೆ ದೀಪ ಇಡ್ಲಿಕ್ಕೆ ಯಾರಾದ್ರೂ ಬೇಕಲ್ಲ" ಎಂಬುದೇ ಉತ್ತರ. ಇದನ್ನು ಹಟ ಎನ್ನುವುದು ಸುಲಭ. ಆದರೆ ಬಾಳಿ ಬದುಕಿದ ಮನೆಯಲ್ಲಿ, ತನ್ನ ಮಾತು ತಿಳಿಯುವ ನೆರೆಕರೆಯ ನಡುವೆ ಕೊನೆಯವರೆಗೆ ಇರಬೇಕೆನ್ನುವುದು ಅವರ ಹಕ್ಕು.

ಅಡ್ಡಿಯಾಗಿರುವುದು ಆ ಮನೆಯೇ. ರಾತ್ರಿ ಎರಡು ಗಂಟೆ, ಕರೆಂಟಿಲ್ಲ, ಅಂಗಳದಲ್ಲಿ ಪಾಚಿ, ಪಾಯಿಖಾನೆಗೆ ಇಪ್ಪತ್ತು ಹೆಜ್ಜೆ. ಇದಕ್ಕೆ ಹೆದರಿ ಸಂಜೆಯ ಮೇಲೆ ನೀರು ಕುಡಿಯುವುದನ್ನೇ ಬಿಟ್ಟವರಿದ್ದಾರೆ. ಜಾರಿ ಸೊಂಟದ ಎಲುಬು ಮುರಿದರೆ ಆ ವಯಸ್ಸಿನಲ್ಲಿ ಮತ್ತೆ ಮೊದಲಿನಂತೆ ನಡೆಯುವವರು ಕಡಿಮೆ.

2011ರ ಜನಗಣತಿಯಲ್ಲೇ ಕೇರಳದಲ್ಲಿ 60 ದಾಟಿದವರು ಶೇ. 12.6, ದೇಶದಲ್ಲಿ ಶೇ. 8.6. ಹಾಸಿಗೆ ಹಿಡಿದವರ ಮನೆಗೇ ನರ್ಸ್ ಹೋಗುವ ಪಾಲಿಯೇಟಿವ್ ಆರೈಕೆಗೆ ರಾಜ್ಯ 2008ರಲ್ಲಿ ನೀತಿ ರೂಪಿಸಿತು. ಹೆಮ್ಮೆಪಡುವ ಕೆಲಸವೇ. ಆದರೆ ಆ ನೆರವು ಬರುವುದು ಬಿದ್ದ ಮೇಲೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. 2016ರಲ್ಲಿ ಘೋಷಿಸಿದ ಲೈಫ್ ಮಿಷನ್ ಇರುವುದು ಮುಖ್ಯವಾಗಿ ಮನೆಯಿಲ್ಲದವರಿಗೆ. "ನಿಮಗೆ ಮನೆ ಉಂಟಲ್ಲ?" ಎಂದರೆ ಅಜ್ಜಿ ಏನು ಹೇಳಬೇಕು? ಮನೆ ಉಂಟು, ಅದರೊಳಗೆ ಓಡಾಡ್ಲಿಕ್ಕೆ ಆಗುವುದಿಲ್ಲ.

ಬೇಕಾದುದು ಲಕ್ಷಗಟ್ಟಲೆ ಹಣವಲ್ಲ. ಹೆಚ್ಚಿನ ಮನೆಗಳಿಗೆ ಮೇಸ್ತ್ರಿಯ ಎರಡು-ಮೂರು ದಿನದ ಕೆಲಸ ಸಾಕು. ಮೆಟ್ಟಿಲ ಪಕ್ಕ ಮತ್ತು ಬಚ್ಚಲಿನ ಗೋಡೆಗೆ ಗಟ್ಟಿ ಕಬ್ಬಿಣದ ಹಿಡಿಕೆ, ಜಾರದ ನೆಲ, ಹಾಸಿಗೆಯಿಂದಲೇ ಕೈಗೆಟಕುವ ಸ್ವಿಚ್ಚು, ಕುಕ್ಕರುಗಾಲಲ್ಲಿ ಕೂರುವ ಬದಲು ಒಂದೂವರೆ ಅಡಿ ಎತ್ತರದ ಕಮೋಡು. ಇಳಿಜಾರು ದಾರಿ ಮಾಡುವುದಾದರೆ ಲೆಕ್ಕ ತಪ್ಪಬಾರದು: ಒಂದಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಬೇಕು. ಜಾಗವಿಲ್ಲವೆಂದು ಕಡಿದಾಗಿ ಕಟ್ಟಿದರೆ ಮೆಟ್ಟಿಲಿಗಿಂತ ಅಪಾಯ. ಅಲ್ಲಿ ಅರ್ಧ ಎತ್ತರದ ಮೆಟ್ಟಿಲೊಂದು ಸೇರಿಸುವುದೇ ಲೇಸು. ಮನೆಗೆ ತಾಗಿ ಪಾಯಿಖಾನೆ ಕಟ್ಟಿಸುವುದೊಂದೇ ದೊಡ್ಡ ಖರ್ಚು.

ಸಂಪಾದನೆಯ ಮಕ್ಕಳಿದ್ದವರು ಇದನ್ನು ತಾವೇ ಮಾಡಿಸಬೇಕು. ಹಬ್ಬಕ್ಕೆ ಬಂದಾಗ ಹೊಸ ಟಿ.ವಿ.ಗಿಂತ ಮೊದಲು ಹಿಡಿಕೆ ಬರಲಿ. ಯಾರೂ ಇಲ್ಲದವರಿಗೆ ಪಂಚಾಯತೇ ದಿಕ್ಕು. ಯಾವ ಮನೆಯಲ್ಲಿ ಯಾರು ಒಬ್ಬರೇ ಇದ್ದಾರೆಂದು ಆಶಾ ಕಾರ್ಯಕರ್ತೆಗೂ ಕುಟುಂಬಶ್ರೀಯವರಿಗೂ ಗೊತ್ತು. ಅವರಿಂದ ವಾರ್ಡಿನ ಪಟ್ಟಿ ಮಾಡಿಸಿ, ವಾರ್ಷಿಕ ಯೋಜನೆಯಲ್ಲಿ ಒಂಟಿ ವೃದ್ಧರ ಮನೆ ದುರಸ್ತಿಗೆ ಒಂದಿಷ್ಟು ಹಣ ತೆಗೆದಿಡಬಹುದು. ಅರ್ಜಿ ಕನ್ನಡದಲ್ಲೂ ಇರಲಿ. ಮಲಯಾಳ ಓದಲು ಬಾರದ ಅಜ್ಜಿ ಅದಕ್ಕಾಗಿ ಇನ್ನೊಬ್ಬರ ಮನೆ ಬಾಗಿಲಿಗೆ ಹೋಗುವಂತಾಗಬಾರದು. ಹಿರಿಯರಿಗಾಗಿ ಆಯೋಗವನ್ನೇ ರಚಿಸುವ ಕಾಯ್ದೆಗೆ 2025ರಲ್ಲಿ ಒಪ್ಪಿಗೆ ಕೊಟ್ಟ ರಾಜ್ಯಕ್ಕೆ ಇದು ಭಾರವಲ್ಲ.

ಮುಂದಿನ ಗ್ರಾಮಸಭೆಗೆ ಆ ಅಜ್ಜಿ ಬರಲಾರರು. ಮನೆಯ ಮೆಟ್ಟಿಲೇ ಅವರನ್ನು ತಡೆದಿದೆ. ಹೋಗುವವರು ಅವರ ಪರವಾಗಿ ಕೇಳಬೇಕು.