ಟೆನಿಸ್ ಆಡದವರ ‘ಟೆನಿಸ್ ಮೊಣಕೈ’

ಆಟದ ಹೆಸರನ್ನು ಹೊತ್ತಿರುವ ಈ ನೋವು ಆಟಗಾರರಿಗಿಂತ ಹೆಚ್ಚಾಗಿ ದುಡಿಯುವವರನ್ನೇ ಕಾಡುತ್ತದೆ. ಒದ್ದೆಬಟ್ಟೆ ಹಿಂಡುವ ಗೃಹಿಣಿ, ತಿರುಪುಳಿ ತಿರುಗಿಸುವ ಬಡಗಿ, ಕರಣೆ ಹಿಡಿದ ಗಾರೆಕೆಲಸದವನು, ದಿನವಿಡೀ ಕಂಪ್ಯೂಟರಿನ ಮುಂದೆ ಕುಳಿತ ಗುಮಾಸ್ತ — ಇವರಲ್ಲಿ ಬಹುಮಂದಿ ಟೆನಿಸ್ ಅಂಗಳವನ್ನು ತುಳಿದವರೇ ಅಲ್ಲ. 35ರಿಂದ 55ರೊಳಗಿನ ವಯಸ್ಸಿನಲ್ಲಿ ಇದರ ಹಾವಳಿ ಹೆಚ್ಚು.

ಈ ವ್ಯಾಧಿ ಆಟಕ್ಕಿಂತಲೂ ಹಳೆಯದು. ಜರ್ಮನಿಯ ವೈದ್ಯ ರೂಂಗೆ ಇದನ್ನು 1873ರಲ್ಲಿಯೇ ವರ್ಣಿಸಿದ್ದ. ಅವನ ದೃಷ್ಟಿಯಲ್ಲಿ ಇದು ಬರೆಯುವವರ ಕೈಗೆ ತಗಲುವ ತೊಂದರೆ. ಲಾನ್ ಟೆನಿಸ್ಸಿಗೆ ಇಂಗ್ಲೆಂಡಿನಲ್ಲಿ ವಿಂಗ್‌ಫೀಲ್ಡ್ ಹಕ್ಕುಪತ್ರ ಪಡೆದದ್ದು 1874ರಲ್ಲಿ. ಮುಂದಿನ ದಶಕದಲ್ಲಿ ಅಲ್ಲಿನ ವೈದ್ಯಪತ್ರಿಕೆಗಳು ನೋವಿಗೆ ಆಟದ ಹೆಸರನ್ನು ಅಂಟಿಸಿದವು.

ಮಣಿಕಟ್ಟನ್ನು ಮೇಲಕ್ಕೆತ್ತುವ ಸ್ನಾಯುಗಳು ಮುಂಗೈಯ ಹಿಂಬದಿಯಲ್ಲಿ ಸಾಗಿ, ಮೊಣಕೈಯ ಹೊರಮಗ್ಗುಲಿನ ಎಲುಬಿನ ಉಬ್ಬಿಗೆ ಕಂಡರದ ಮೂಲಕ ಬಿಗಿದುಕೊಂಡಿರುತ್ತವೆ. ಸ್ನಾಯುವನ್ನು ಎಲುಬಿಗೆ ಬಂಧಿಸುವ ಹುರಿಯೇ ಕಂಡರ. ಮುಷ್ಟಿ ಬಿಗಿದಾಗಲೆಲ್ಲ ಮಣಿಕಟ್ಟು ಬಾಗದಂತೆ ಹಿಡಿದು ನಿಲ್ಲಿಸುವುದು ಈ ಸ್ನಾಯುಗಳ ಕೆಲಸ. ಆದುದರಿಂದಲೇ ಕಾಫಿಯ ಲೋಟ ಎತ್ತಿದರೂ, ಬಾಗಿಲ ಹಿಡಿ ತಿರುಗಿಸಿದರೂ, ನೋವು ಮಾತ್ರ ಮೊಣಕೈಯಲ್ಲಿ ಚಳಕು ಹೊಡೆಯುತ್ತದೆ.

ಇದು ಬರಿಯ ಉರಿಯೂತವೆಂಬುದು ಹಿಂದಿನ ನಂಬಿಕೆ. ಸೂಕ್ಷ್ಮದರ್ಶಕದಲ್ಲಿ ಕಂಡದ್ದೇ ಬೇರೆ: 1979ರಲ್ಲಿ ಅಮೆರಿಕದ ನಿರ್ಶ್ಲ್ ಮತ್ತು ಪೆಟ್ರೋನ್ ಎಂಬ ವೈದ್ಯರು, ಕಂಡರದ ಎಳೆಗಳು ಸವೆದು, ಕ್ರಮ ತಪ್ಪಿ, ಅರೆಬರೆ ದುರಸ್ತಿಯಾಗಿ ನಿಂತಿರುವುದನ್ನು ವಿವರಿಸಿದರು. ಸವೆದ ಹುರಿ ಮತ್ತೆ ಗಟ್ಟಿಯಾಗಲು ತಿಂಗಳುಗಳೇ ಬೇಕು.

ಅವಸರದ ಅಪಾಯ ಇಲ್ಲಿಯೇ ಅಡಗಿದೆ. ಕೂಲಿ ತಪ್ಪುವ ಭಯದಲ್ಲಿರುವ ರೋಗಿ, ಕಾರ್ಟಿಸೋನ್ ಚುಚ್ಚುಮದ್ದಿನಿಂದ ವಾರದಲ್ಲಿಯೇ ನೋವು ಮಾಯವಾಯಿತೆಂದು ಹಿಗ್ಗುತ್ತಾನೆ. ಆದರೆ 2006ರಲ್ಲಿಯೂ 2013ರಲ್ಲಿಯೂ ಪ್ರಕಟವಾದ ಆಸ್ಟ್ರೇಲಿಯದ ಪರೀಕ್ಷೆಗಳಲ್ಲಿ, ಆ ಮದ್ದು ಪಡೆದವರು ಮೊದಲ ವಾರಗಳಲ್ಲಿ ಮುಂದಿದ್ದು, ವರ್ಷ ಕಳೆಯುವಾಗ ಪಡೆಯದವರಿಗಿಂತ ಹಿಂದೆ ಬಿದ್ದಿದ್ದರು. ನೋವು ಮರುಕಳಿಸಿದ್ದೂ ಅವರಲ್ಲಿಯೇ ಹೆಚ್ಚು. ಇತ್ತ ಹೆಚ್ಚಿನ ರೋಗಿಗಳು ಶಸ್ತ್ರಚಿಕಿತ್ಸೆಯಿಲ್ಲದೆ ಒಂದು ವರ್ಷದೊಳಗೆ ಚೇತರಿಸಿಕೊಳ್ಳುತ್ತಾರೆ.

ಹಾಗೆಂದು ಕೈಯನ್ನು ಜೋಳಿಗೆಗೆ ಹಾಕಿ ಕೂಡುವುದೂ ಸಲ್ಲದು. ಹದವಾದ ದುಡಿಮೆಯಿಂದಲೇ ಕಂಡರ ಬಲಿಯುತ್ತದೆ. ಮುಂಗೈಯನ್ನು ಮೇಜಿನ ಮೇಲೆ ಅಂಗೈ ಕೆಳಮುಖವಾಗುವಂತೆ ಇರಿಸಿ, ಮಣಿಕಟ್ಟು ಅಂಚಿನಿಂದ ಹೊರಗಿರಲಿ. ಅರ್ಧ ಲೀಟರು ನೀರಿನ ಸೀಸೆಯನ್ನು ಹಿಡಿದು, ಮತ್ತೊಂದು ಕೈಯ ಆಸರೆಯಿಂದ ಮೇಲೆತ್ತಿ, ಆಸರೆ ಬಿಟ್ಟು ನಿಧಾನವಾಗಿ ಇಳಿಸಬೇಕು. ಹತ್ತು ಹದಿನೈದು ಬಾರಿ ಸಾಕು. ತುಸು ನೋವು ಸಹಜ. ಅದು ಮರುದಿನವೂ ಉಳಿದರೆ ಭಾರ ಕಡಿಮೆ ಮಾಡತಕ್ಕದ್ದು.

ಭಾರವಾದುದನ್ನು ಅಂಗೈ ಮೇಲ್ಮುಖವಾಗಿರುವಂತೆ, ಮೊಣಕೈ ಮೈಗೆ ತಾಗಿರುವಂತೆ ಎತ್ತಿದರೆ ನೋಯುವ ಹುರಿಗೆ ಬಿಡುವು ದೊರೆಯುತ್ತದೆ. ಬಟ್ಟೆಯನ್ನು ತಿರುಚುವುದಕ್ಕಿಂತ ಒತ್ತಿ ನೀರಿಳಿಸುವುದು ಲೇಸು. ಮೊಣಕೈಯಿಂದ ಎರಡು ಬೆರಳು ಕೆಳಗೆ ಕಟ್ಟುವ ಪಟ್ಟಿ ಕೆಲವರಿಗೆ ಕೆಲಸದ ವೇಳೆ ಹಿತ ನೀಡುತ್ತದೆ. ನೋವಿನ ಗುಳಿಗೆಗಳನ್ನು ವೈದ್ಯರ ಮಾತಿಲ್ಲದೆ ದಿನಗಟ್ಟಲೆ ನುಂಗಬಾರದು. ಬೆರಳು ಜೋಮುಗಟ್ಟಿದರೆ, ಕೀಲು ಊದಿ ಬಿಸಿಯಾದರೆ, ಜ್ವರ ಬಂದರೆ, ಕತ್ತಿನಿಂದ ನೋವು ಇಳಿದರೆ ಕಾರಣ ಬೇರೆಯಿರಬಹುದು. ಆಗ ತಡಮಾಡದೆ ವೈದ್ಯರನ್ನು ಕಾಣಬೇಕು.

ಸಚಿನ್ ತೆಂಡೂಲ್ಕರರನ್ನು 2004ರ ಬೆಂಗಳೂರು ಟೆಸ್ಟಿನಿಂದ ಹೊರಗಿರಿಸಿದ್ದು ಈ ಮೊಣಕೈಯೇ. 2005ರಲ್ಲಿ ಲಂಡನ್ನಿನಲ್ಲಿ ಅವರು ಶಸ್ತ್ರಚಿಕಿತ್ಸೆಗೂ ಒಳಗಾದರು. ಆಟಗಾರನಿಗೆ ವಿರಾಮ ಕೊಡಲು ತಂಡವಿದೆ. ಕೊಡ ಹೊರುವ, ಹಿಟ್ಟು ನಾದುವ ಕೈಗೆ ವಿರಾಮ ದೊರಕಿಸಬೇಕಾದವರು ಮನೆಯವರು. ಆ ಕೆಲಸದಲ್ಲಿ ಅವರು ಪಾಲು ತೆಗೆದುಕೊಂಡರೆ ಅರ್ಧ ಚಿಕಿತ್ಸೆ ನಡೆದಂತೆಯೇ ಸರಿ.