ಎಣ್ಣೆ ಡಬ್ಬದ ಎರಡು ತೂತು



ಮದುವೆ ಮನೆ ಪಂಕ್ತಿಯಲ್ಲಿ ಯಾರದಾದರೂ ಮೊಣಕೈ ಮೇಲೆ ಹೊಟ್ಟು ಏಳುವ ಕೆಂಪು ಕಲೆ ಕಂಡರೆ ಪಕ್ಕದ ಎಲೆಯವರು ಮೆಲ್ಲಗೆ ಸರಿದು ಕೂರುವುದನ್ನು ನೀವೂ ನೋಡಿರಬಹುದು. ನಾನೂ ಅಂಥವಳೇ ಆಗಿದ್ದೆ. ನನ್ನ ಓರಗಿತ್ತಿಗೆ ಸೋರಿಯಾಸಿಸ್ ಶುರುವಾದಾಗ ಅವಳ ಟವೆಲು, ಸೋಪು ಬೇರೆ ಇಟ್ಟೆ. ಅವಳು ಒಂದು ಮಾತೂ ಆಡಲಿಲ್ಲ, ಅದೇ ಈಗಲೂ ಚುಚ್ಚುತ್ತೆ. ಇದು ಅಂಟುವ ರೋಗವೇ ಅಲ್ಲ ಅಂತ ಡಾಕ್ಟರು ಹೇಳಿದ ಮೇಲೆ ನನಗೆ ಬುದ್ಧಿ ಬಂತು.

ಮತ್ತೆ ಇದೇನು? ನಮ್ಮ ರಕ್ತದಲ್ಲಿ ರೋಗಾಣುಗಳ ಮೇಲೆ ಕಾವಲಿರುವ ಟಿ ಕಣಗಳೆಂಬ ಬಿಳಿ ರಕ್ತಕಣಗಳಿವೆ. ಕೆಲವು ದಾರಿ ತಪ್ಪಿ ಸ್ವಂತ ಮೈಮೇಲೇ ಬೀಳುತ್ತವೆ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ! ಚರ್ಮದ ಮೇಲೆ ಬಿದ್ದರೆ ಸೋರಿಯಾಸಿಸ್, ಕೀಲುಗಳ ಮೇಲೆ ಬಿದ್ದರೆ ರುಮಟಾಯ್ಡ್ ಸಂಧಿವಾತ. ಸ್ಟೀರಾಯ್ಡ್ ಮಾತ್ರೆ ಇವನ್ನು ಅಡಗಿಸುತ್ತೆ ನಿಜ, ಆದರೆ ಒಳ್ಳೆ ಕಾವಲುಗಾರರನ್ನೂ ಮಂಕಾಗಿಸುತ್ತೆ. ತಪ್ಪಿತಸ್ಥರನ್ನು ಮಾತ್ರ ಹಿಡಿಯೋಕಾಗುತ್ತಾ ಅನ್ನುವುದೇ ವಿಜ್ಞಾನಿಗಳ ಹುಡುಕಾಟ.

ತುಂಬಿದ ಎಣ್ಣೆ ಡಬ್ಬಕ್ಕೆ ಒಂದೇ ತೂತು ಮಾಡಿ ಬಗ್ಗಿಸಿ ನೋಡಿ. ಎಣ್ಣೆ ಗೊಳಕ್ ಅಂತ ನಿಂತುಬಿಡುತ್ತೆ. ಗಾಳಿಗೆ ಇನ್ನೊಂದು ತೂತು ಬೇಕು, ಅಲ್ವೇ? ಟಿ ಕಣದ ಕಥೆಯೂ ಇಷ್ಟೇ. ಅದು ಕೆರಳಬೇಕಾದರೆ ಕ್ಯಾಲ್ಸಿಯಂ ಒಳಗೆ ಹರಿಯುತ್ತಿರಬೇಕು. ಅದು ಹರಿಯಬೇಕಾದರೆ ಬೇರೆ ಕಿಂಡಿಯಿಂದ ಪೊಟ್ಯಾಸಿಯಂ ಹೊರಗೆ ಹೋಗುತ್ತಿರಬೇಕು. ಟಿ ಕಣದಲ್ಲಿ ಆ ಪೊಟ್ಯಾಸಿಯಂ ಕಿಂಡಿ ಇರುವುದನ್ನು 1984ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಒಂದು ತಂಡ ತೋರಿಸಿತು. ಅದರಲ್ಲಿ ನಮ್ಮ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಓದಿದ ಡಾ. ಜಾರ್ಜ್ ಚಾಂಡಿಯವರೂ ಇದ್ದರು. ಕಿಂಡಿಯ ಹೆಸರು ಕೆವಿ 1.3. ಮೈಮೇಲೆ ಬೀಳುವ ಹಳೇ ಜಗಳಗಂಟ ಕಣಗಳು ಹೆಚ್ಚಾಗಿ ಇದನ್ನೇ ನಂಬಿವೆ. ಉಳಿದವಕ್ಕೆ ಇನ್ನೊಂದು ಬಗೆಯ ಕಿಂಡಿ ಉಂಟು, ಇದನ್ನು ಮುಚ್ಚಿದರೂ ಅವು ಕೆಲಸ ನಡೆಸಿಕೊಳ್ಳುತ್ತವೆ.

ಮುಚ್ಚಲು ಬಿರಡೆ ಎಲ್ಲಿ ಸಿಕ್ಕಿತು ಗೊತ್ತೇ? ಕೆರಿಬಿಯನ್ ಸಮುದ್ರದಲ್ಲಿ, ಹೂವಿನಂತೆ ಕಾಣುವ ಒಂದು ಪ್ರಾಣಿಯ ವಿಷದಲ್ಲಿ! 1995ರಲ್ಲಿ ಆ ವಿಷದ ತುಣುಕನ್ನು ಬೇರ್ಪಡಿಸಿದರು. ಆಮೇಲೆ ಅದನ್ನೇ ತುಸು ಬದಲಿಸಿ, ಪ್ರಯೋಗಶಾಲೆಯಲ್ಲೇ ತಯಾರಿಸಿ, ಡಲಜಟೈಡ್ ಅಂತ ಹೆಸರಿಟ್ಟರು. ಸೋರಿಯಾಸಿಸ್ ಇದ್ದ 24 ಜನರ ಮೇಲೆ ನಡೆದ ಪರೀಕ್ಷೆಯ ಫಲ 2017ರಲ್ಲಿ ಪ್ರಕಟವಾಯಿತು. ವಾರಕ್ಕೆ ಎರಡು ಇಂಜೆಕ್ಷನ್, ನಾಲ್ಕು ವಾರ. ಹೆಚ್ಚಿನ ಪ್ರಮಾಣ ಅಂದರೂ ಒಂದು ಸಲಕ್ಕೆ 60 ಮೈಕ್ರೋಗ್ರಾಂ. ಒಂದು ಗ್ರಾಮಿಗೆ ಹತ್ತು ಲಕ್ಷ ಮೈಕ್ರೋಗ್ರಾಂ, ಲೆಕ್ಕ ಹಾಕಿಕೊಳ್ಳಿ! ಅಷ್ಟು ಪಡೆದ 10 ಜನರಲ್ಲಿ 9 ಜನಕ್ಕೆ ರೋಗ ಇಳಿಮುಖವಾಯಿತು. ಬಾಯಿಯ ಸುತ್ತ, ಕೈಯಲ್ಲಿ ಸ್ವಲ್ಪ ಹೊತ್ತು ಜೋಮು ಹಿಡಿದದ್ದುಂಟು.

24 ಜನ ಅಂದರೆ ಒಂದು ಪಂಕ್ತಿಗೂ ಸಾಲದು. ಇದಿನ್ನೂ ನಮ್ಮ ಔಷಧಿ ಅಂಗಡಿಗೆ ಬಂದಿಲ್ಲ. ಯಾರಾದರೂ "ಸಮುದ್ರದ ಔಷಧಿ" ಅಂತ ಮಾರಲು ಬಂದರೆ ಬಾಗಿಲಿನಿಂದಲೇ ಕಳಿಸಿ. ಹೊಸದು ಬರುತ್ತೆ ಅಂತ ಈಗಿನ ಸ್ಟೀರಾಯ್ಡ್ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ. ಥಟ್ಟನೆ ಬಿಟ್ಟರೆ ರೋಗ ಉಲ್ಬಣಿಸುತ್ತೆ, ಪ್ರಾಣಕ್ಕೂ ಅಪಾಯವಾಗಬಹುದು. ಡಾಕ್ಟರನ್ನು ಕೇಳಿಯೇ ಇಳಿಸಬೇಕು.

ಇದನ್ನೆಲ್ಲ ಓದಿ ಹೇಳಿದರೆ ನನ್ನ ಓರಗಿತ್ತಿ, "ಬರಲಿ ಬಿಡಿ ಅಕ್ಕಾ, ಕಾಯೋದು ನನಗೇನು ಹೊಸದಲ್ಲ" ಅಂದಳು. ನಮ್ಮ ಬಚ್ಚಲಲ್ಲಿ ಈಗ ಸೋಪಿನ ಡಬ್ಬಿ ಒಂದೇ.