ಸೊನ್ನೆ ದಾಸ್ತಾನು ಅನ್ನೋ ದೊಡ್ಡ ಸುಳ್ಳು

ಸಪ್ಲೈ ಪ್ಲ್ಯಾನಿಂಗ್ ಸಾಫ್ಟ್‌ವೇರ್ ಮಾರುವ ಯಾವ ಕಂಪನಿಯ ವೆಬ್‌ಸೈಟಿಗೆ ಬೇಕಾದರೂ ಹೋಗಿ ನೋಡಿ. 'ಸಕ್ಸೆಸ್ ಸ್ಟೋರಿ' ಅಂತ ಒಂದು ಪುಟ ಇದ್ದೇ ಇರುತ್ತೆ. ಎಲ್ಲವೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಕಥೆಗಳು. ಒಂದಾನೊಂದು ಊರಲ್ಲಿ ಒಂದು ದೊಡ್ಡ ಕಾರ್ಖಾನೆ ಇತ್ತು, ಅದರ ಗೋಡೌನು ತುಂಬಿ ತುಳುಕುತ್ತಿತ್ತು, ನಮ್ಮ ಸಾಫ್ಟ್‌ವೇರ್ ಬಂತು, ದಾಸ್ತಾನು ಅರ್ಧಕ್ಕೆ ಇಳಿಯಿತು, ಎಲ್ಲರೂ ಸುಖವಾಗಿದ್ದರು.

ಎಲ್ಲರೂ ಅಂದರೆ ಯಾರು? ಆ ಪುಟದಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಲ್ಲ. ಇಳಿದ ಅರ್ಧ ದಾಸ್ತಾನು ಎಲ್ಲಿಗೆ ಹೋಯಿತು ಅಂತಲೂ ಕೇಳಲ್ಲ. ನನ್ನ ತಕರಾರು ಇಷ್ಟೇ: ಬಹಳಷ್ಟು ಸಲ ಅದು ಕರಗಿರುವುದಿಲ್ಲ. ದೊಡ್ಡವರ ಲೆಕ್ಕದ ಪುಸ್ತಕದಿಂದ ಸಣ್ಣವರ ಶೆಡ್ಡಿಗೆ ದಾಟಿರುತ್ತದೆ. ಅದಕ್ಕೆ 'ಆಪ್ಟಿಮೈಸೇಷನ್' ಅಂತ ಹೆಸರಿಟ್ಟು ನಾವು ಸಾಫ್ಟ್‌ವೇರ್ ಮಂದಿ ಚಪ್ಪಾಳೆ ತಟ್ಟುತ್ತೇವೆ.

ಬರೀ ಬಾಯಿಮಾತು ಬೇಡ, ಲೆಕ್ಕ ಹಾಕೋಣ. ಒಂದು ಕಾರ್ಖಾನೆಗೆ ಪೀಣ್ಯದ ಒಂದು ಸಣ್ಣ ಘಟಕದಿಂದ ಬುಷ್ ಬರುತ್ತವೆ ಅಂದುಕೊಳ್ಳಿ. ವಾರದ ಬಳಕೆಯ ಏರಿಳಿತ, ಅಂದರೆ ಸ್ಟ್ಯಾಂಡರ್ಡ್ ಡೀವಿಯೇಷನ್, 100. ಆರ್ಡರ್ ಕೊಟ್ಟ ಮೇಲೆ ಮಾಲು ಕೈಗೆ ಬರೋಕೆ 4 ವಾರ. ಅದರಲ್ಲಿ 3 ವಾರ ತಯಾರಿಕೆಗೆ, 1 ವಾರ ಸಾಗಾಟ ಮತ್ತು ತಪಾಸಣೆಗೆ. ನೂರಕ್ಕೆ 95 ಸಲ ಮಾಲು ಇಲ್ಲ ಅನ್ನಬಾರದು ಅನ್ನೋದು ಕಾರ್ಖಾನೆಯ ಗುರಿ. ಹಾಗಾದರೆ ಆಪತ್ಕಾಲಕ್ಕೆ ಎಷ್ಟು ಇಟ್ಟುಕೊಂಡಿರಬೇಕು? ಪಠ್ಯಪುಸ್ತಕದ ಸೂತ್ರ ಹೀಗಿದೆ: 1.65 ಅನ್ನು 100ರಿಂದ ಗುಣಿಸಿ, ಅದನ್ನು 4ರ ವರ್ಗಮೂಲದಿಂದ ಗುಣಿಸಿ. ಬಂತು 330. ಇದೇ ಸೇಫ್ಟಿ ಸ್ಟಾಕ್.

ಈಗ ದಾಸ್ತಾನು ಇಳಿಸುವ ಪ್ರಾಜೆಕ್ಟ್ ಶುರುವಾಗುತ್ತೆ. ಬಳಕೆಯ ಏರಿಳಿತ ಯಾರ ಕೈಯಲ್ಲೂ ಇಲ್ಲ. 95 ಅನ್ನು 90ಕ್ಕೆ ಇಳಿಸೋಣ ಅಂದರೆ ಉತ್ಪಾದನಾ ವಿಭಾಗದವರು ಬಿಡಲ್ಲ. ಉಳಿದದ್ದು ಲೀಡ್ ಟೈಮ್. ಸಪ್ಲೈಯರ್‌ಗೆ ಒಂದು ಮೇಲ್ ಹೋಗುತ್ತೆ: ಮುಂದಿನ ತಿಂಗಳಿಂದ 1 ವಾರದಲ್ಲಿ ಮಾಲು ಕೊಡಬೇಕು. ಸಿಸ್ಟಮ್‌ನಲ್ಲಿ 'ಪ್ಲ್ಯಾನ್ಡ್ ಡೆಲಿವರಿ ಟೈಮ್' ಅನ್ನೋ ಒಂದು ಕಾಲಂನಲ್ಲಿ 28 ಇದ್ದಿದ್ದು 7 ಆಗುತ್ತೆ. ರಾತ್ರಿ ಪ್ಲ್ಯಾನಿಂಗ್ ರನ್ ಓಡುತ್ತೆ. ಬೆಳಿಗ್ಗೆ ನೋಡಿದರೆ ಸೇಫ್ಟಿ ಸ್ಟಾಕ್ 165. ಅರ್ಧಕ್ಕರ್ಧ ಉಳಿತಾಯ!

ಆದರೆ ಬುಷ್ ತಯಾರಾಗೋಕೆ ಈಗಲೂ 3 ವಾರವೇ ಬೇಕು. ರಾಡ್ ತರಿಸಬೇಕು, ತಿರುವಬೇಕು, ಹೀಟ್ ಟ್ರೀಟ್‌ಮೆಂಟಿಗೆ ಹೊರಗೆ ಕಳಿಸಬೇಕು, ಗ್ರೈಂಡಿಂಗ್ ಮಾಡಬೇಕು. ಕಾಲಂನಲ್ಲಿ 7 ಅಂತ ಹೊಡೆದ ಮಾತ್ರಕ್ಕೆ ಲೇತ್ ಜೋರಾಗಿ ತಿರುಗಲ್ಲ. ಹಾಗಾಗಿ ಆ ಘಟಕದ ಮಾಲೀಕರಿಗೆ ಇರೋದು ಒಂದೇ ದಾರಿ: ಆರ್ಡರ್ ಬರುವ ಮೊದಲೇ ಮಾಡಿಟ್ಟುಕೊಳ್ಳೋದು. ಅವರೂ ಅದೇ 95ರ ಲೆಕ್ಕದಲ್ಲಿ ಇಟ್ಟುಕೊಂಡರೆ, 1.65 ಗುಣಿಸು 100 ಗುಣಿಸು 3ರ ವರ್ಗಮೂಲ. ಸುಮಾರು 286.

ಕೂಡಿಸಿ ನೋಡಿ. ಮೊದಲು ಇಡೀ ಸರಪಳಿಯಲ್ಲಿ ಇದ್ದ ಸೇಫ್ಟಿ ಸ್ಟಾಕ್ 330. ಈಗ ಕಾರ್ಖಾನೆಯಲ್ಲಿ 165, ಪೀಣ್ಯದ ಶೆಡ್ಡಿನಲ್ಲಿ 286, ಒಟ್ಟು 451. ದಾಸ್ತಾನು ಇಳಿಸುವ ಪ್ರಾಜೆಕ್ಟು ಲೋಕದಲ್ಲಿರುವ ದಾಸ್ತಾನನ್ನು ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಏರಿಸಿದೆ. ಡ್ಯಾಶ್‌ಬೋರ್ಡಿನಲ್ಲಿ ಮಾತ್ರ ಹಸಿರು ಬಾಣ ಕೆಳಗೆ ತೋರಿಸುತ್ತಿದೆ.

ಇಲ್ಲಿ ಒಂದು ಜಾಣ ಆಕ್ಷೇಪ ಬರುತ್ತೆ. 'ಸಪ್ಲೈಯರ್ ಹತ್ತು ಗಿರಾಕಿಗಳಿಗೆ ಮಾಲು ಕೊಡ್ತಾನೆ. ಒಬ್ಬರ ಬೇಡಿಕೆ ಏರಿದಾಗ ಇನ್ನೊಬ್ಬರದು ಇಳಿದಿರುತ್ತೆ. ಅವನ ಹತ್ತಿರ ಇಡೋದೇ ಒಟ್ಟಾರೆ ಲಾಭ.' ಅಂಗಡಿಯಲ್ಲಿ ಸಿಗೋ ಎಂ8 ಬೋಲ್ಟಿಗೆ ಈ ಮಾತು ಸತ್ಯ. ಆದರೆ ಸಣ್ಣ ಘಟಕಗಳು ಮಾಡುವುದರಲ್ಲಿ ಹೆಚ್ಚಿನದು ಗಿರಾಕಿಯ ಡ್ರಾಯಿಂಗ್ ಪ್ರಕಾರದ ಮಾಲು. ಒಬ್ಬರ ಬುಷ್ ಇನ್ನೊಬ್ಬರ ಗೇರ್‌ಬಾಕ್ಸಿಗೆ ಕೂರಲ್ಲ. ಗಿರಾಕಿಯ ಡಿಸೈನ್ ವಿಭಾಗ ಅರ್ಧ ಮಿಲಿಮೀಟರ್ ಬದಲಾಯಿಸಿ ಡ್ರಾಯಿಂಗಿನ ಹೊಸ ರಿವಿಷನ್ ಕಳಿಸಿದರೆ, ಆ 286 ಬುಷ್ ಗುಜರಿಗೆ. ತೂಕದ ಲೆಕ್ಕದಲ್ಲಿ.

ಇನ್ನೊಂದು ಚಮತ್ಕಾರ ಇದೆ, ಅದರ ಹೆಸರು ಕನ್‌ಸೈನ್‌ಮೆಂಟ್. ಮಾಲು ಕಾರ್ಖಾನೆಯ ಕಾಂಪೌಂಡಿನ ಒಳಗೇ ಇರುತ್ತೆ, ಒಡೆತನ ಮಾತ್ರ ಸಪ್ಲೈಯರ್‌ದು. ಎಸ್‌ಎಪಿಯಲ್ಲಿ ಇಂಥ ದಾಸ್ತಾನಿಗೆ 'ಕೆ' ಅಂತ ಒಂದು ಗುರುತು. ಎಷ್ಟು ಪೀಸ್ ಇದೆ ಅನ್ನೋದು ತೆರೆ ಮೇಲೆ ಕಾಣುತ್ತೆ, ಕಂಪನಿಯ ಲೆಕ್ಕಕ್ಕೆ ಅದರ ಬೆಲೆ ಸೇರಲ್ಲ. ಸ್ಟೋರಿನಿಂದ ಲೈನಿಗೆ ಎಳೆದ ದಿನವೇ ಅದು ಖರೀದಿ. ನಮ್ಮ ದೇಶದಲ್ಲಿ ಸಣ್ಣ ಉದ್ಯಮಗಳಿಗೆ ಬಾಕಿ ಪಾವತಿಸಲು 45 ದಿನಕ್ಕಿಂತ ಹೆಚ್ಚು ಗಡುವು ಇಡುವಂತಿಲ್ಲ ಅಂತ 2006ರ ಎಂಎಸ್‌ಎಂಇ ಕಾಯ್ದೆ ಹೇಳುತ್ತೆ. ಒಳ್ಳೆಯ ಕಾನೂನೇ. ಆದರೆ ಬಿಲ್ಲೇ ಹುಟ್ಟದ ಮಾಲಿಗೆ ದಿನ ಎಣಿಸೋದು ಎಲ್ಲಿಂದ? ಗಿರಾಕಿಯ ಮನೆಯಲ್ಲೇ ಕೂತ ತನ್ನ ಮಾಲಿಗೆ ಆ ಮಾಲೀಕರು ಬ್ಯಾಂಕಿನ ಕ್ಯಾಶ್ ಕ್ರೆಡಿಟ್ಟಿನ ಬಡ್ಡಿ ಕಟ್ಟುತ್ತಿರುತ್ತಾರೆ. ಅಂಥವರಲ್ಲಿ ಎಷ್ಟೋ ಜನ ಮನೆ ಪತ್ರ ಅಡವಿಟ್ಟೇ ಆ ಸಾಲ ತಂದಿರುತ್ತಾರೆ. ದೊಡ್ಡ ಕಂಪನಿಗೆ ಸಸ್ತಾ ಬಡ್ಡಿಗೆ ಹಣ ಸಿಗುತ್ತೆ, ಸಣ್ಣವರಿಗೆ ದುಬಾರಿ. ಅಂದರೆ ಹಣ ಎಲ್ಲಿ ದುಬಾರಿಯೋ ಅಲ್ಲಿಗೇ ನಾವು ದಾಸ್ತಾನನ್ನು ತಳ್ಳಿದ್ದೇವೆ. ಇದನ್ನು ಆಪ್ಟಿಮಮ್ ಅನ್ನೋಕೆ ಯಾವ ಗಣಿತ ಒಪ್ಪುತ್ತೆ ಹೇಳಿ?

ಇದರ ಮೇಲೆ ಬಾರುಕೋಲಿನ ಏಟು ಬೇರೆ. ಬಾರುಕೋಲು ಹಿಡಿದ ಕೈ ಒಂದು ಗೇಣು ಆಡಿದರೆ ಬಾರಿನ ತುದಿ ಎಷ್ಟು ದೂರ ಹಾರುತ್ತೆ ಅಂತ ಆರು ಕಟ್ಟಿ ಉತ್ತವರಿಗೆ ಗೊತ್ತು. ಸರಬರಾಜು ಸರಪಳಿಯಲ್ಲೂ ಅದೇ ಆಗುತ್ತೆ ಅನ್ನೋದನ್ನು ಜೇ ಫಾರೆಸ್ಟರ್ 1958ರಲ್ಲೇ ತೋರಿಸಿದ್ದರು. 1997ರಲ್ಲಿ ಹಾವ್ ಲೀ, ಪದ್ಮನಾಭನ್ ಮತ್ತು ವಾಂಗ್ ಅದನ್ನು 'ಬುಲ್‌ವಿಪ್' ಹೆಸರಿನಲ್ಲೇ ವಿವರಿಸಿದರು. ಅವರು ಕೊಟ್ಟ ಉದಾಹರಣೆ ಪಿ ಅಂಡ್ ಜಿ ಕಂಪನಿಯ ಪ್ಯಾಂಪರ್ಸ್. ಮಕ್ಕಳು ಡೈಪರ್ ಒದ್ದೆ ಮಾಡೋದು ಹೆಚ್ಚುಕಮ್ಮಿ ಒಂದೇ ಗತಿಯಲ್ಲಿ. ಆದರೂ ಅಂಗಡಿಯಿಂದ ವಿತರಕ, ವಿತರಕನಿಂದ ಕಂಪನಿ, ಕಂಪನಿಯಿಂದ ಕಚ್ಚಾ ಮಾಲಿನವರು ಅಂತ ಹಿಂದಕ್ಕೆ ಹೋದಷ್ಟೂ ಆರ್ಡರಿನ ಏರಿಳಿತ ಹೆಚ್ಚಾಗುತ್ತಾ ಹೋಗುತ್ತಿತ್ತು. ತುದಿಯಲ್ಲಿ ಇರೋರು ಯಾರು? ಮತ್ತೆ ಅದೇ ಸಣ್ಣ ಘಟಕ. ಮೇಲೆ ನಾನು ಅವರಿಗೂ 100 ಅಂತ ಹಿಡಿದದ್ದು ಉದಾರ ಲೆಕ್ಕ. ಸೋಮವಾರ ಪೋರ್ಟಲ್‌ನಲ್ಲಿ ಕಂಡ ಆರ್ಡರು ಬುಧವಾರ ಇರಲ್ಲ, ಶುಕ್ರವಾರ ಡಬಲ್ ಆಗಿ ವಾಪಸ್ ಬರುತ್ತೆ. ಪ್ಲ್ಯಾನಿಂಗ್ ರನ್ ರಾತ್ರಿ ರಾತ್ರಿ ಓಡುತ್ತೆ ನೋಡಿ, ಅದಕ್ಕೇನು ನಿದ್ದೆಗೇಡೇ?

'ಜಪಾನಿನವರು ಜಸ್ಟ್-ಇನ್-ಟೈಮ್ ಮಾಡಿ ಗೆದ್ದಿಲ್ವಾ' ಅಂತ ಕೇಳೋರಿಗೆ ಒಂದು ಮಾತು. ಟೊಯೋಟಾದ ತಾಯ್ಚಿ ಓನೋ ಕಟ್ಟಿದ ಪದ್ಧತಿ ನಿಂತಿರೋದು ಉತ್ಪಾದನೆಯನ್ನು ಸಮತಟ್ಟು ಮಾಡುವುದರ ಮೇಲೆ. ಅವರು ಅದಕ್ಕೆ ಹೈಜುಂಕಾ ಅಂತಾರೆ. ದಿನ ದಿನದ ಏರಿಳಿತವನ್ನು ಕಾರ್ಖಾನೆಯೇ ತಗ್ಗಿಸುತ್ತೆ, ಆಮೇಲೆ ಸಪ್ಲೈಯರ್‌ಗೆ ಸಮನಾದ ಬೇಡಿಕೆ ಕೊಡುತ್ತೆ. ನಾವು ಆ ಕಷ್ಟದ ಅರ್ಧವನ್ನು ಬಿಟ್ಟು, ಸುಲಭದ ಅರ್ಧವನ್ನು ಮಾತ್ರ ಇಳಿಸಿಕೊಂಡೆವು. ಅಷ್ಟೇ ಅಲ್ಲ, 2011ರ ಭೂಕಂಪ, ಸುನಾಮಿಯ ಏಟು ತಿಂದ ಮೇಲೆ ಅದೇ ಟೊಯೋಟಾ 2ರಿಂದ 6 ತಿಂಗಳಿಗಾಗುವಷ್ಟು ಚಿಪ್ ದಾಸ್ತಾನು ಇಡುವ ವ್ಯವಸ್ಥೆಯನ್ನು ಸಪ್ಲೈಯರ್‌ಗಳ ಜೊತೆ ಮಾಡಿಕೊಂಡಿತ್ತು. 2021ರಲ್ಲಿ ಚಿಪ್ ಬರಗಾಲ ಬಂದು ಬೇರೆ ಕಾರು ಕಂಪನಿಗಳು ವರ್ಷದ ಆರಂಭದಲ್ಲೇ ಲೈನ್ ನಿಲ್ಲಿಸಿದಾಗ ಅದು ಇನ್ನಷ್ಟು ತಿಂಗಳು ತಡೆದುಕೊಂಡಿತು. ಕೊನೆಗೆ ಅದಕ್ಕೂ ಏಟು ಬಿತ್ತು, ಆದರೆ ತಡವಾಗಿ. ಜಸ್ಟ್-ಇನ್-ಟೈಮ್ ಹುಟ್ಟಿದ ಮನೆಯವರೇ ಸೊನ್ನೆಯನ್ನು ಪೂಜಿಸಲಿಲ್ಲ.

ನಮ್ಮ ಕಡೆ ರಾಗಿಯನ್ನು ಹಗೇವಿಗೆ ತುಂಬುತ್ತಿದ್ದರು. ನೆಲದೊಳಗಿನ ಆ ಕಣಜದಲ್ಲಿ ರಾಗಿ ವರ್ಷಗಟ್ಟಲೆ ಕೆಡದೆ ಇರುತ್ತಿತ್ತು. ಮಳೆ ಕೈ ಕೊಡುತ್ತೆ ಅನ್ನೋದು ಗೊತ್ತಿತ್ತು, ಯಾವ ವರ್ಷ ಅನ್ನೋದು ಮಾತ್ರ ಗೊತ್ತಿರಲಿಲ್ಲ. ಹಳೇ ಕಾಲವೇ ಚೆನ್ನಾಗಿತ್ತು ಅನ್ನೋಕೆ ಇದನ್ನು ಹೇಳುತ್ತಿಲ್ಲ, ಹಗೇವಿಗೆ ಹಾಕೋಕೂ ಗತಿ ಇಲ್ಲದ ಮನೆಗಳು ಊರ ತುಂಬ ಇದ್ದವು. ನಾನು ಹೇಳುತ್ತಿರೋದು ಲೆಕ್ಕದ ನ್ಯಾಯ. ಉಣ್ಣುವ ಹೊಟ್ಟೆ ಯಾರದೋ ಹಗೇವಿನ ಖರ್ಚೂ ಅವರದೇ ಆಗಿತ್ತು. ನಮ್ಮ ಸಾಫ್ಟ್‌ವೇರ್ ಮಾಡಿರೋದು ಹೊಟ್ಟೆಯನ್ನು ಒಬ್ಬರಿಗೆ, ಹಗೇವನ್ನು ಇನ್ನೊಬ್ಬರಿಗೆ ಕೊಟ್ಟಿರೋದು.

ಇದಕ್ಕೆ ಗಣಿತವನ್ನು ದೂರಬೇಡಿ. ಇಡೀ ಸರಪಳಿಯ ದಾಸ್ತಾನನ್ನು ಒಟ್ಟಿಗೆ ನೋಡಿ, ಎಲ್ಲಿ ಎಷ್ಟು ಇಡಬೇಕು ಅಂತ ಲೆಕ್ಕ ಹಾಕುವ ದಾರಿಯನ್ನು ಆಂಡ್ರ್ಯೂ ಕ್ಲಾರ್ಕ್ ಮತ್ತು ಹರ್ಬರ್ಟ್ ಸ್ಕಾರ್ಫ್ 1960ರಲ್ಲೇ ತೋರಿಸಿಕೊಟ್ಟಿದ್ದಾರೆ. 'ಮಲ್ಟಿ-ಎಶಲಾನ್' ಅನ್ನೋ ಹೆಸರಲ್ಲಿ ಇವತ್ತಿನ ದೊಡ್ಡ ಪ್ಲ್ಯಾನಿಂಗ್ ಸಾಫ್ಟ್‌ವೇರ್‌ಗಳು ಆ ಸವಲತ್ತನ್ನು ಮಾರುತ್ತಿವೆ ಕೂಡ. ಆದರೆ ಸರಪಳಿ ಎಲ್ಲಿಗೆ ಮುಗಿಯುತ್ತೆ ಅಂತ ಗೆರೆ ಎಳೆಯೋದು ದುಡ್ಡು ಕೊಡುವ ಗಿರಾಕಿ. ಗೆರೆ ಅವರ ಕಾಂಪೌಂಡಿಗೇ ನಿಲ್ಲುತ್ತೆ. ಆಬ್ಜೆಕ್ಟಿವ್ ಫಂಕ್ಷನ್ನಿನಲ್ಲಿ ಯಾರ ಖರ್ಚನ್ನು ಕೂಡಿಸಬೇಕು, ಯಾರದನ್ನು ಬಿಡಬೇಕು ಅನ್ನೋದು ಟೆಕ್ನಿಕಲ್ ವಿಷಯವೇ ಅಲ್ಲ. ಅದೊಂದು ತೀರ್ಮಾನ, ಮತ್ತು ಅದನ್ನು ಕೋಡಿಗೆ ಇಳಿಸೋದು ನಮ್ಮ ಕೈ.

ಹಾಗಾದರೆ ಮಾಡೋದೇನು? ಕ್ರಾಂತಿ ಬೇಡ, ನಾಲ್ಕು ಕೆಲಸ ಸಾಕು. ಲೀಡ್ ಟೈಮಿನ ಕಾಲಂ ತಿದ್ದುವ ಮೊದಲು ತಯಾರಿಕೆಗೆ ನಿಜವಾಗಿ ಎಷ್ಟು ದಿನ ಬೇಕು ಅಂತ ಕೇಳಿ ಅದನ್ನೂ ದಾಖಲಿಸಿ. ಮುಂದಿನ ಎರಡು ಮೂರು ವಾರದ ಆರ್ಡರನ್ನು ಫ್ರೀಜ್ ಮಾಡಿ, ಫ್ರೀಜ್ ಅಂದ ಮೇಲೆ ಮುಟ್ಟಬೇಡಿ. ಸಪ್ಲೈಯರ್‌ಗೆ ರಾತ್ರೋರಾತ್ರಿ ಬದಲಾಗುವ ಆರ್ಡರಿನ ಬದಲು ನಿಮ್ಮ ಅಸಲಿ ಬಳಕೆಯ ಅಂಕಿ ತೋರಿಸಿ. ನಿಮಗಾಗಿ ದಾಸ್ತಾನು ಇಡಿ ಅಂದರೆ ಇಡುವ ಖರ್ಚನ್ನು ರೇಟಿನಲ್ಲಿ ಕೊಡಿ, ಡ್ರಾಯಿಂಗ್ ಬದಲಾದರೆ ಉಳಿದ ಮಾಲು ನೀವೇ ತಗೊಳ್ಳಿ.

ಇದನ್ನು ಓದುತ್ತಿರುವ ನಿಮ್ಮಲ್ಲಿ ಕೆಲವರಾದರೂ ಇಂಥ ಪ್ರಾಜೆಕ್ಟುಗಳಲ್ಲೇ ಇದ್ದೀರಿ. ಮುಂದಿನ ರಿವ್ಯೂ ಮೀಟಿಂಗಿನಲ್ಲಿ ಹಸಿರು ಬಾಣದ ಸ್ಲೈಡ್ ಬಂದಾಗ ಒಂದೇ ಒಂದು ಪ್ರಶ್ನೆ ಕೇಳಿ: 'ಸರ್, ಇಲ್ಲಿ ಕಮ್ಮಿಯಾದ ಮಾಲು ಈಗ ಯಾರ ಶೆಡ್ಡಿನಲ್ಲಿದೆ?' ಉತ್ತರ ಗೊತ್ತಿಲ್ಲ ಅಂದರೆ ಆ ಸ್ಲೈಡಿಗೆ ಇನ್ನೊಂದು ಕಾಲಂ ಸೇರಿಸಿ, ಖಾಲಿಯೇ ಬಿಡಿ. ಖಾಲಿ ಕಾಲಂ ಕಣ್ಣಿಗೆ ಚುಚ್ಚುತ್ತೆ. ಎಲ್ಲರ ಎದುರು ಅದು ಖಾಲಿಯಾಗಿ ಕಂಡರೂ ಸಾಕು, ಅದನ್ನು ತುಂಬುವ ಕೆಲಸ ಯಾರಾದರೂ ಒಬ್ಬರು ಶುರು ಮಾಡಲೇಬೇಕಾಗುತ್ತೆ.